ಮನೆಯ ಪಟ್ಟಿ ಯಾರ ಕೈಯಲ್ಲಿ?

ಮೊನ್ನೆ ಒಂದು ಮಿಂಚಂಚೆ ಬಂತು. ನಮ್ಮ ಮನೆಯ ಸ್ಮಾರ್ಟ್ ಸ್ವಿಚ್ಚು, ಬಲ್ಬುಗಳ ಆ್ಯಪ್ ನಡೆಸುವ ಕಂಪನಿಯದ್ದು (ಹೆಸರು ಬೇಡ ಬಿಡಿ). ಇನ್ನು ಮೂರು ತಿಂಗಳಿಗೆ ಸೇವೆ ಬಂದ್ ಅಂತೆ. ನನಗೆ ಮೊದಲು ನೆನಪಾದದ್ದು ಪಟ್ಟಿ. ಯಾವ ಸ್ವಿಚ್ಚು ಎಲ್ಲಿದೆ, ಯಾವ ಮಾಡೆಲ್ಲು, ಅದಕ್ಕೇನು ಹೆಸರು... ಒಟ್ಟು 31 ಸಾಧನ. ಆ್ಯಪಿನಲ್ಲಿ ಎಕ್ಸ್‌ಪೋರ್ಟ್ ಬಟನ್ ಹುಡುಕಿದೆ. ಇರಲೇ ಇಲ್ಲ! ನಮ್ಮ ಮನೆಯ ಪಟ್ಟಿ ನಮ್ಮ ಹತ್ತಿರವೇ ಇಲ್ಲ ಅನ್ನುವ ಸ್ಥಿತಿ ಬಂದದ್ದಾದರೂ ಹೇಗೆ?

ಮೊದಲು ಹೀಗಿರಲಿಲ್ಲ ನೋಡಿ. 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರಾಥಿಸ್‌ನ ಪಿಕೊ ಎಲೆಕ್ಟ್ರಾನಿಕ್ಸ್ ಕಂಪನಿ 'ಎಕ್ಸ್-10' ಅನ್ನು ರೂಪಿಸಿತು. ಮನೆಯ ಕರೆಂಟು ತಂತಿಯಲ್ಲೇ ಸಂಕೇತ ಕಳಿಸಿ ದೀಪ ಹಚ್ಚುವ, ಆರಿಸುವ ವ್ಯವಸ್ಥೆ ಅದು. ಪ್ರತಿ ಮಾಡ್ಯೂಲಿನ ಮೇಲೂ ಎರಡು ಪುಟ್ಟ ಚಕ್ರ. ಒಂದರಲ್ಲಿ 16 ಅಕ್ಷರ, ಇನ್ನೊಂದರಲ್ಲಿ 16 ಅಂಕಿ. ಒಟ್ಟು 256 ವಿಳಾಸ, ಅಷ್ಟೇ. ಪಕ್ಕದ ಮನೆಯವರೂ ಅದೇ ಅಕ್ಷರ ಇಟ್ಟುಕೊಂಡರೆ ಅವರು ಗುಂಡಿ ಒತ್ತಿದಾಗ ನಿಮ್ಮ ದೀಪ ಹತ್ತಿಕೊಳ್ಳುವ ಸಾಧ್ಯತೆಯೂ ಇತ್ತು! ಆದರೆ ವಿಳಾಸ ಸಾಧನದ ಮೈಮೇಲೆಯೇ ಇತ್ತು. ಪೆನ್ನು ಕಾಗದ ಹಿಡಿದು ಮನೆಯನ್ನೊಂದು ಸುತ್ತು ಹಾಕಿದರೆ ಪಟ್ಟಿ ರೆಡಿ.

ಸಾಲು, ಕಾಲಮ್ಮು ಎಳೆದ ಲೆಕ್ಕದ ಹಾಳೆ ಮನೆಯ ಕಂಪ್ಯೂಟರಿಗೆ ಬಂದದ್ದು 1979ರಲ್ಲಿ, ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್-2ಕ್ಕೆ ಮಾಡಿದ ವಿಸಿಕ್ಯಾಲ್ಕ್ ಮೂಲಕ. ಒಂದು ತಂತ್ರಾಂಶದ ಪಟ್ಟಿಯನ್ನು ಇನ್ನೊಂದಕ್ಕೆ ಒಯ್ಯಲು ನೆರವಾದದ್ದು ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬರೆದ ಬರೀ ಪಠ್ಯ. ದಶಕಗಳಿಂದ ಬಳಕೆಯಲ್ಲಿದ್ದರೂ ಅದರ ನಿಯಮಗಳನ್ನು ಆರ್‌ಎಫ್‌ಸಿ 4180 ಎಂದು ಬರೆದಿಟ್ಟದ್ದು 2005ರಲ್ಲಿ!

ಪಟ್ಟಿ ಕೈತಪ್ಪಿದ್ದು 2010ರ ದಶಕದಲ್ಲಿ, ಮನೆಯ ದೀಪದ ಹೆಸರು ಕಂಪನಿಯ ಸರ್ವರಿಗೆ ಹೋದಾಗ. 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಕಂಪನಿ ರಿವಾಲ್ವ್ ಅನ್ನು ಕೊಂಡುಕೊಂಡಿತು. 2016ರ ಮೇ 15ಕ್ಕೆ ಸೇವೆ ನಿಲ್ಲಿಸಿತು. ಜನ ಸುಮಾರು 300 ಡಾಲರ್ ಕೊಟ್ಟು ತಂದಿದ್ದ ಪೆಟ್ಟಿಗೆ ಕೆಲಸಕ್ಕೆ ಬಾರದಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರುಗಳು ಹೇಳದೆ ಕೇಳದೆ ನಿಂತವು. ಗೋಡೆಯ ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿತ್ತು, ಆ್ಯಪ್ ಮಾತ್ರ ಸತ್ತಿತ್ತು. ಅದೇ ಜೂನ್‌ನಲ್ಲಿ ಬಳಕೆದಾರರದ್ದೇ ಒಂದು ಗುಂಪು ಆ ಕಂಪನಿಯನ್ನು ಕೊಂಡು ಮತ್ತೆ ಶುರುಮಾಡಿತು.

ಮನೆಯ ಲೆಕ್ಕ ಮನೆಯಲ್ಲೇ ಇರಲಿ ಅನ್ನುವವರೂ ಇದ್ದರು. ಪಾವ್ಲಸ್ ಸ್ಖೌಟ್ಸನ್ 2013ರಲ್ಲಿ ಆರಂಭಿಸಿದ 'ಹೋಮ್ ಅಸಿಸ್ಟೆಂಟ್' ಎಂಬ ಮುಕ್ತ ತಂತ್ರಾಂಶ ಓಡುವುದು ನಮ್ಮದೇ ಪುಟ್ಟ ಕಂಪ್ಯೂಟರಿನಲ್ಲಿ. ನಾನೂ ಅದನ್ನು ಹಾಕಿಕೊಂಡು, ಬಂದ್ ಆಗುವ ಮೊದಲೇ ಹಳೆಯ ಖಾತೆಗೆ ಜೋಡಿಸಿದೆ. ಅದರ ಟೆಂಪ್ಲೇಟ್ ಪುಟದಲ್ಲಿ ನಾಲ್ಕು ಸಾಲು ಬರೆದೆ. ಸಾಧನಕ್ಕೊಂದು ಸಾಲು, ನಡುವೆ ಅಲ್ಪವಿರಾಮ. ಅದನ್ನು ಸಿಎಸ್‌ವಿ ಆಗಿ ಉಳಿಸಿ ಎಕ್ಸೆಲ್‌ನಲ್ಲಿ ತೆರೆದೆ.

ಅಯ್ಯೋ! ಹೆಸರಿನ ಕಾಲಮ್ಮಿನ ತುಂಬ ಹುಳಹುಪ್ಪಟೆ.

ಸಾಧನಗಳಿಗೆ ಹೆಸರಿಟ್ಟವರು ಅಮ್ಮ, ಅದೂ ಕನ್ನಡದಲ್ಲಿ. ದೇವರಮನೆ ದೀಪ, ಪಡಸಾಲೆ ಫ್ಯಾನು, ಸಂಪ್ ಮೋಟರು. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಕಡತ ಯುಟಿಎಫ್-8 ಎಂದು ಎಕ್ಸೆಲ್‌ಗೆ ಗೊತ್ತಾಗದಿದ್ದರೆ ಆ ಮೂರನ್ನೂ ಬೇರೆ ಬೇರೆ ಅಕ್ಷರ ಅಂದುಕೊಳ್ಳುತ್ತದೆ. ನುಡಿ, ಬರಹ ಫಾಂಟುಗಳ ಕಾಲದಲ್ಲಿ ಒದ್ದಾಡಿದವರಿಗೆ ಇದು ಹಳೇ ನೆಂಟ! ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಫೈಲ್ ಒರಿಜಿನ್ 65001 ಎಂದು ಆರಿಸಿದೆ. ದೇವರಮನೆ ದೀಪ ಮತ್ತೆ ಕನ್ನಡದಲ್ಲಿ ಬೆಳಗಿತು.

ಅರ್ಧ ಶತಮಾನದ ನಂತರ ಮತ್ತೆ ಅಲ್ಲಿಗೇ ಬಂದೆವಲ್ಲ ಅನ್ನಿಸಿತು. 31 ಸಾಲನ್ನೂ ಪ್ರಿಂಟ್ ತೆಗೆದು ಫ್ಯೂಸ್ ಬೋರ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ಅಮ್ಮ ನೋಡಿ, "ಇದನ್ನ ಮೊದಲೇ ಬರೆದಿಟ್ಟುಕೊಳ್ಳೋಕೆ ಏನಾಗಿತ್ತು ನಿಂಗೆ?" ಅಂದರು.

ನಿಮ್ಮ ಮನೆಯ ಪಟ್ಟಿ ಎಲ್ಲಿದೆ?