ತಂಡ ಫೈನಲ್‌ನಲ್ಲಿ ಸೋತರೆ ಅಭಿಮಾನಿಯ ಎದೆಗೆ ನಿಜಕ್ಕೂ ಪೆಟ್ಟಾಗುತ್ತದೆಯೇ?

ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಐಎಸ್‌ಎಲ್ ಫೈನಲ್ ಸೋಲು ಹೊಸದಲ್ಲ. 2018ರ ಮಾರ್ಚ್ 17ರಂದು ತಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ಎದುರು 2–3. 2023ರಲ್ಲಿ ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2–2 ಆದಮೇಲೆ ಪೆನಾಲ್ಟಿಯಲ್ಲಿ ಸೋಲು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮತ್ತೆ ಮೋಹನ್ ಬಾಗಾನ್ ಎದುರು, ಮುನ್ನಡೆ ಪಡೆದೂ, ಹೆಚ್ಚುವರಿ ಸಮಯದಲ್ಲಿ 1–2. ನಡುವೆ 2019ರಲ್ಲಿ ಗೋವಾ ತಂಡದ ವಿರುದ್ಧ ಗೆದ್ದ ಕಪ್ ಒಂದೇ ಸಮಾಧಾನ.

ಇಂಥ ರಾತ್ರಿಗಳಲ್ಲಿ ಮೊಬೈಲಿಗೆ ಎರಡು ಬಗೆಯ ಸಂದೇಶ ಬರುತ್ತವೆ. ಒಂದು, ಗೇಲಿ: ‘ಆಡಿದವರು ದುಡ್ಡು ಎಣಿಸಿಕೊಂಡು ಮಲಗಿದ್ದಾರೆ, ನೀನ್ಯಾಕೆ ಅಳ್ತೀಯಾ?’ ಇನ್ನೊಂದು, ಹೆದರಿಕೆ: ಪಂದ್ಯ ಸೋತರೆ ಅಭಿಮಾನಿಗೆ ಹೃದಯಾಘಾತ ಆಗುತ್ತದೆ ಎಂಬ ಎಚ್ಚರಿಕೆ. ಮೊದಲನೆಯದು ತಪ್ಪು. ಎರಡನೆಯದರಲ್ಲಿ ಅರ್ಧ ನಿಜವಿದೆ, ಆ ಅರ್ಧ ಯಾವುದು ಎಂದು ತಿಳಿಯದೆ ಫಾರ್ವರ್ಡ್ ಮಾಡಿದರೆ ಪ್ರಯೋಜನವಿಲ್ಲ.

ಆಡಿದ್ದು ಅವರು, ನೋವು ನನಗೇಕೆ?

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಲೇಜು ತಂಡ ಫುಟ್‌ಬಾಲ್ (ಅಮೆರಿಕದವರ ಫುಟ್‌ಬಾಲ್, ನಮ್ಮದಲ್ಲ) ಗೆದ್ದ ವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆಯನ್ನು ಹೆಚ್ಚು ಹಾಕಿಕೊಂಡು ಬರುತ್ತಿದ್ದರು. ಫೋನಿನಲ್ಲಿ ಕೇಳಿದಾಗ ಗೆದ್ದ ಪಂದ್ಯವನ್ನು ವಿವರಿಸುವಾಗ ‘ನಾವು’ ಎಂಬ ಮಾತು ಹೆಚ್ಚು ಬರುತ್ತಿತ್ತು, ಸೋತ ಪಂದ್ಯವಾದರೆ ಕಡಿಮೆ. ‘ಈ ಸಲ ಕಪ್ ನಮ್ದೇ’ ಎನ್ನುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ‘ಅವರು ಸೋತರು’ ಎಂದು ಪಕ್ಕಕ್ಕೆ ಸರಿಯುವ ಈ ದಾರಿ ಎಲ್ಲರಿಗೂ ಇಲ್ಲ. ತಂಡವನ್ನು ತನ್ನ ಗುರುತಿನ ಭಾಗವಾಗಿಸಿಕೊಂಡವರು ಸೋತಾಗ ಹಾಗೆ ದೂರವಾಗುವುದು ಕಡಿಮೆ ಎಂದು 1990ರ ಇನ್ನೊಂದು ಅಧ್ಯಯನ ಹೇಳುತ್ತದೆ. ಅಂದರೆ ಸೋಲಿನ ಪೂರ್ತಿ ಭಾರ ಬೀಳುವುದು ನಿಷ್ಠಾವಂತನ ಮೇಲೆಯೇ. ಗೆದ್ದಾಗ ಮಾತ್ರ ಜೆರ್ಸಿ ಹಾಕುವವನು ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ.

ಇದು ಬರೀ ಮನಸ್ಸಿನ ಮಾತೂ ಅಲ್ಲ. 1994ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿ ಪೆನಾಲ್ಟಿಯಲ್ಲಿ ಬ್ರೆಜಿಲ್‌ಗೆ ಸೋತಿತು. ಆ ಪಂದ್ಯವನ್ನು ಟಿವಿಯಲ್ಲಿ ನೋಡುತ್ತಿದ್ದ ಪುರುಷ ಅಭಿಮಾನಿಗಳ ಎಂಜಲನ್ನು ಆಟಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಲಾಯಿತು. ಬ್ರೆಜಿಲ್ ಅಭಿಮಾನಿಗಳಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಏರಿತ್ತು, ಇಟಲಿಯವರಲ್ಲಿ ಇಳಿದಿತ್ತು. ನೋಡಿದ್ದು ಕೇವಲ 21 ಜನರನ್ನು, ಹಾಗಾಗಿ ಇದನ್ನೇ ಕೊನೆಯ ಮಾತು ಎನ್ನಲಾಗದು. ಆದರೂ ಕುರ್ಚಿಯಲ್ಲಿ ಕೂತು ನೋಡಿದವನ ದೇಹವೂ ಫಲಿತಾಂಶವನ್ನು ಗಮನಿಸುತ್ತದೆ ಎಂಬುದಕ್ಕೆ ಇದೊಂದು ಸುಳಿವು.

ಹೃದಯಾಘಾತದ ಮಾತು ಎಷ್ಟು ನಿಜ?

2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ತುರ್ತು ವೈದ್ಯರ ದಾಖಲೆಗಳನ್ನು ಸಂಶೋಧಕರು ಲೆಕ್ಕ ಹಾಕಿದರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿ ದಿನಗಳ 2.66 ಪಟ್ಟು ಇದ್ದವು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಆ ದಿನಗಳ ರೋಗಿಗಳಲ್ಲಿ ಶೇ 47ರಷ್ಟು ಮಂದಿಗೆ ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಇತ್ತು.

ಫಾರ್ವರ್ಡ್‌ಗಳು ಬಿಟ್ಟುಬಿಡುವ ವಿಷಯ ಇನ್ನೊಂದಿದೆ. ಪ್ರಕರಣಗಳು ಅತಿ ಹೆಚ್ಚು ಇದ್ದದ್ದು ಪಂದ್ಯ ಶುರುವಾದ ಮೊದಲ ಎರಡು ಗಂಟೆಯಲ್ಲಿ. ಅಂದರೆ ಸೋಲಿಗಿಂತ, ಏನಾಗುತ್ತದೋ ಎಂಬ ಉದ್ವೇಗದ ಪಾಲೇ ದೊಡ್ಡದು. ಹಾಗೆಂದು ಸೋಲು ಪೂರಾ ನಿರಪರಾಧಿಯಲ್ಲ. 1998ರ ಜೂನ್ 30ರಂದು ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಅರ್ಜೆಂಟೀನಾಗೆ ಸೋತ ದಿನ ಮತ್ತು ನಂತರದ ಎರಡು ದಿನ ಆ ದೇಶದಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರಿದವರು ಶೇ 25ರಷ್ಟು ಹೆಚ್ಚಿದ್ದರು.

ಪಟ್ಟುಗಳ ಲೆಕ್ಕ ನೋಡಿ ಗಾಬರಿಯಾಗಬೇಕಿಲ್ಲ. ಆರೋಗ್ಯವಂತ ಯುವಕನಿಗೆ ಮೂಲ ಅಪಾಯವೇ ತೀರಾ ಕಡಿಮೆ. ಅದು ಎರಡು ಮೂರು ಪಟ್ಟಾದರೂ ಕಡಿಮೆಯೇ. ಚಿಂತೆ ಮಾಡಬೇಕಾದದ್ದು ಸ್ಟೆಂಟ್ ಹಾಕಿಸಿಕೊಂಡ, ಬಿಪಿ ಇರುವ, ಪಂದ್ಯದ ಗದ್ದಲದಲ್ಲಿ ರಾತ್ರಿಯ ಮಾತ್ರೆ ಮರೆತ ಅಪ್ಪನ ಬಗ್ಗೆ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ‘ಗ್ಯಾಸ್ಟ್ರಿಕ್ ಇರಬೇಕು, ಶೂಟೌಟ್ ಮುಗೀಲಿ’ ಎನ್ನಬೇಡಿ. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108.

ದುಃಖ ಎಷ್ಟು ದಿನ?

ನಾವು ಅಂದುಕೊಂಡಷ್ಟು ದಿನ ಅಲ್ಲ. 2000ದಲ್ಲಿ ಪ್ರಕಟವಾದ, ಟಿಮೊತಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ ತಂಡದ ಅಧ್ಯಯನದಲ್ಲಿ, ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ಪಂದ್ಯದ ಫಲಿತಾಂಶ ತಮ್ಮ ಮನಸ್ಸನ್ನು ಬಹಳ ದಿನ ಕಾಡುತ್ತದೆ ಎಂದು ಊಹಿಸಿದ್ದರು. ವಾಸ್ತವದಲ್ಲಿ ಅಷ್ಟು ಕಾಡಲಿಲ್ಲ. ಮುಂದಿನ ದಿನಗಳಲ್ಲಿ ತಾವು ಏನೇನು ಮಾಡಲಿದ್ದೇವೆ ಎಂದು ಮೊದಲೇ ಯೋಚಿಸಿದವರ ಊಹೆ ಅಷ್ಟು ಅತಿಯಾಗಿರಲಿಲ್ಲ. ಸೋಮವಾರದ ಆಫೀಸು, ಪರೀಕ್ಷೆ, ಮನೆಗೆ ತರಬೇಕಾದ ಗ್ಯಾಸ್ ಸಿಲಿಂಡರ್ ಇವೆಲ್ಲ ಲೆಕ್ಕಕ್ಕೆ ಬಂದಾಗ ಸೋಲಿನ ಗಾತ್ರ ಸ್ವಲ್ಪ ಕುಗ್ಗುತ್ತದೆ.

ಅಲ್ಲಿಯವರೆಗೆ ಏನು ಮಾಡಬಹುದು? ಸೋತ ಗೋಲಿನ ರೀಲ್ಸನ್ನು ನಡುರಾತ್ರಿ ಮತ್ತೆ ಮತ್ತೆ ನೋಡದಿರುವುದು, ಟ್ರೋಲ್ ಗ್ರೂಪನ್ನು ಒಂದು ವಾರ ಮ್ಯೂಟ್ ಮಾಡುವುದು, ಜೊತೆಗೆ ನೋಡಿದ ಗೆಳೆಯರೊಂದಿಗೆ ಕೂತು ರೆಫರಿಯನ್ನು ಬೈದುಕೊಳ್ಳುವುದು. ಕೊನೆಯದು ಚಿಕ್ಕದೆಂದು ಕಂಡರೂ ನನ್ನ ಲೆಕ್ಕದಲ್ಲಿ ಮುಖ್ಯ. ನೋವನ್ನು ಹಂಚಿಕೊಳ್ಳುವ ಗುಂಪು ಇರುವುದು ಅಭಿಮಾನದ ದೊಡ್ಡ ಲಾಭಗಳಲ್ಲಿ ಒಂದು. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಸರಿಹೋಗದಿದ್ದರೆ ಕಾರಣ ಬರೀ ಪಂದ್ಯವಾಗಿರಲಿಕ್ಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಯಾರೂ ಫಾರ್ವರ್ಡ್ ಮಾಡದ ಅಪಾಯ

ಇಂಗ್ಲೆಂಡಿನ ಲ್ಯಾಂಕಾಶೈರ್ ಪೊಲೀಸರ ಬಳಿ 2002, 2006 ಮತ್ತು 2010ರ ವಿಶ್ವಕಪ್ ವೇಳೆ ದಾಖಲಾದ ಮನೆಯೊಳಗಿನ ದೌರ್ಜನ್ಯದ ದೂರುಗಳನ್ನು ಸಂಶೋಧಕರು ಪರಿಶೀಲಿಸಿದರು. ಇಂಗ್ಲೆಂಡ್ ಸೋತ ದಿನ ದೂರುಗಳು ಶೇ 38ರಷ್ಟು ಹೆಚ್ಚಿದ್ದವು. ಗೆದ್ದಾಗ ಅಥವಾ ಸಮಬಲವಾದಾಗಲೂ ಶೇ 26ರಷ್ಟು ಹೆಚ್ಚಿದ್ದವು. ಹಾಗಾಗಿ ‘ಪಾಪ, ಸೋತ ಬೇಜಾರಲ್ಲಿ ಕೈ ಎತ್ತಿದ’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಗೆದ್ದ ದಿನವೂ ಏಟು ಬಿದ್ದಿದೆ.

ಪಂದ್ಯದ ರಾತ್ರಿ ಕುಡಿತ ಜೋರಾಗುವ ಮನೆ ನಿಮಗೆ ಗೊತ್ತಿದ್ದರೆ, ಸೀಟಿ ಊದಿದ ಮೇಲೆ ಆ ಮನೆಯ ಅಕ್ಕನಿಗೋ ಅತ್ತಿಗೆಗೋ ಒಂದು ಫೋನ್ ಮಾಡಿ. ಮಹಿಳಾ ಸಹಾಯವಾಣಿ 181, ತುರ್ತಾದರೆ 112.