ಕಾವು, ಒತ್ತಡ, ಹೊತ್ತು: ಕಾಗದದಿಂದ ಬಟ್ಟೆಗೆ ದಾಟಿದ ಬಣ್ಣದ ಚರಿತ್ರೆ

ಊರಿನ ಕ್ರಿಕೆಟ್ ತಂಡದ ಹುಡುಗರ ಬೆನ್ನ ಮೇಲಿನ ಹೆಸರು, ಶಾಲೆಯ ಟೀ ಶರ್ಟಿನ ಎದೆಯ ಮೇಲಿನ ಲಾಂಛನ, ಸಮ್ಮೇಳನದ ಸ್ವಯಂಸೇವಕರ ಅಂಗಿಯ ಮೇಲಿನ ಬರಹ - ಇವುಗಳಲ್ಲಿ ಬಹಳಷ್ಟು ಇಂದು ಬಣ್ಣದ ಬಾನಿಯನ್ನು ಕಂಡವಲ್ಲ. ಮೊದಲು ಕಾಗದದ ಮೇಲೋ ತೆಳು ಹಾಳೆಯ ಮೇಲೋ ಮೂಡಿ, ಕಾದ ಲೋಹದ ಹಲಗೆಯ ಕೆಳಗೆ ಒಂದು ನಿಮಿಷದೊಳಗೆ ಬಟ್ಟೆಗೆ ದಾಟಿಕೊಂಡವು. ಈ ಕೆಲಸ ಮಾಡುವ ಯಂತ್ರಕ್ಕೆ ಪೇಟೆಯಲ್ಲಿ ಹೀಟ್ ಪ್ರೆಸ್ ಎನ್ನುತ್ತಾರೆ. ನೋಡಲು ದೊಡ್ಡದೊಂದು ಇಸ್ತ್ರಿ ಪೆಟ್ಟಿಗೆಗೆ ಹಿಡಿಕೆ ಮತ್ತು ಗಡಿಯಾರ ಜೋಡಿಸಿದಂತೆ ಕಾಣುವ ಈ ಯಂತ್ರದ ಹಿಂದೆ ಮೂರು ಶತಮಾನಗಳ ಕಥೆಯಿದೆ. ಅದರಲ್ಲಿ ನಮ್ಮ ನೆಲದ ಬಣ್ಣಗಾರರ ಪಾಲಿದೆ. ಅವರು ಕಳೆದುಕೊಂಡದ್ದರ ಲೆಕ್ಕವೂ ಇದೆ.

ಕಲಮಿನಿಂದ ಆರಂಭ

ಹದಿನೇಳನೆಯ ಶತಮಾನದಲ್ಲಿ ಹತ್ತಿಯ ಬಟ್ಟೆಗೆ ಬಿಡದ ಬಣ್ಣ ಹಿಡಿಸುವ ವಿದ್ಯೆಯಲ್ಲಿ ಭಾರತದ ಕಸುಬುದಾರರಿಗೆ ಸರಿಸಾಟಿಯಿರಲಿಲ್ಲ. ಗೋಲ್ಕೊಂಡದ ಕುತುಬ್ ಶಾಹಿ ಸುಲ್ತಾನರ ಆಳ್ವಿಕೆಯಲ್ಲಿದ್ದ ಮಚಲಿಪಟ್ಟಣದ ಬಂದರಿನಿಂದ ಚಿತ್ರ ಬರೆದ ಬಟ್ಟೆಗಳು ಇರಾನಿಗೂ ಯೂರೋಪಿಗೂ ಹೋಗುತ್ತಿದ್ದವು. ಕಲಂಕಾರಿ ಎಂಬ ಹೆಸರಿನಲ್ಲಿಯೇ ಫಾರಸಿಯ ನಂಟಿದೆ. ಕಲಮ್ ಎಂದರೆ ಲೇಖನಿ, ಕಾರಿ ಎಂದರೆ ಕೆಲಸ. ಬಟ್ಟೆಯನ್ನು ಅಳಲೆಕಾಯಿಯ ರಸ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಬೇಕು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿ, ಆ ದ್ರವದಿಂದ ಕಪ್ಪು ಗೆರೆ ಎಳೆಯಬೇಕು. ಕೆಂಪು ಬೇಕಾದಲ್ಲಿ ಪಟಿಕದ ನೀರು ಹಚ್ಚಿ, ಬೇರಿನ ಬಣ್ಣದಲ್ಲಿ ಕುದಿಸಬೇಕು. ನಡುನಡುವೆ ಹರಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹರಡಬೇಕು. ಇದು ದಿನಗಳ, ಕೆಲವೊಮ್ಮೆ ವಾರಗಳ ಕೆಲಸ. ಆದರೆ ಫಲವೂ ಅಂಥದ್ದೇ. ಬಣ್ಣ ಬಟ್ಟೆಯ ಮೇಲೆ ಕೂರುವುದಿಲ್ಲ, ನೂಲಿನೊಳಗೆ ಮನೆ ಮಾಡುತ್ತದೆ.

ಈ ಚೀಟಿ ಬಟ್ಟೆಗೆ ಯೂರೋಪಿನ ಜನ ಮರುಳಾದರು. ಅಲ್ಲಿನ ಉಣ್ಣೆ ಮತ್ತು ರೇಷ್ಮೆಯ ನೇಕಾರರು ಕಂಗಾಲಾದರು. ಫ್ರಾನ್ಸ್ 1686ರಲ್ಲಿ ಬಣ್ಣದ ಹತ್ತಿ ಬಟ್ಟೆಯನ್ನು ನಿಷೇಧಿಸಿತು. ಇಂಗ್ಲೆಂಡ್ 1700ರ ಕಾಯಿದೆಯಿಂದ ಅದರ ಆಮದನ್ನು ತಡೆದು, 1721ರ ಕಾಯಿದೆಯಿಂದ ಅಂಥ ಬಹುತೇಕ ಬಟ್ಟೆಗಳನ್ನು ತೊಡುವುದನ್ನೇ ಅಪರಾಧವಾಗಿಸಿತು. ಕಲ್ಲಿಕೋಟೆಯ ಹೆಸರಿನಿಂದ ಬಂದ 'ಕ್ಯಾಲಿಕೋ' ಎಂಬ ಪದ ಹೀಗೆ ಇಂಗ್ಲಿಷ್ ಕಾನೂನಿನ ಪುಸ್ತಕ ಸೇರಿತು. ಒಂದು ಕಡೆ ನಿಷೇಧ, ಇನ್ನೊಂದು ಕಡೆ ಗುಟ್ಟಿನ ಹುಡುಕಾಟ. 1742ರಲ್ಲಿ ಫಾದರ್ ಕೂರ್ದೂ ಎಂಬ ಫ್ರೆಂಚ್ ಜೆಸ್ವಿಟ್ ಪಾದ್ರಿ ಕೋರಮಂಡಲ ಕರಾವಳಿಯ ಬಣ್ಣಗಾರರಿಂದ ಕೇಳಿ ತಿಳಿದ ವಿಧಾನವನ್ನು ಹಂತ ಹಂತವಾಗಿ ಬರೆದು ಸ್ವದೇಶಕ್ಕೆ ಕಳುಹಿಸಿದರು. 1759ರಲ್ಲಿ ಫ್ರಾನ್ಸ್ ನಿಷೇಧವನ್ನು ತೆಗೆಯಿತು. ಮರುವರ್ಷವೇ ಒಬರ್ಕಾಂಫ್ ಎಂಬಾತ ಜುಯಿ ಎಂಬಲ್ಲಿ ತನ್ನ ಪ್ರಸಿದ್ಧ ಕಾರ್ಖಾನೆಯನ್ನು ಆರಂಭಿಸಿದ. 1783ರಲ್ಲಿ ಥಾಮಸ್ ಬೆಲ್ ತಾಮ್ರದ ಉರುಳೆಯಿಂದ ಬಟ್ಟೆ ಅಚ್ಚು ಹಾಕುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮರದ ಅಚ್ಚನ್ನು ಒಂದೊಂದಾಗಿ ಒತ್ತುವ ಕೈ, ಎಡೆಬಿಡದೆ ತಿರುಗುವ ಉರುಳೆಯೊಂದಿಗೆ ಸ್ಪರ್ಧಿಸಬೇಕಾಗಿ ಬಂತು. ಕೊನೆಗೆ 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಮಂಜಿಷ್ಠದ ಕೆಂಪಿನ ಸತ್ವವಾದ ಅಲಿಜರಿನ್ನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಬೇರು ಅಗೆಯುವವನಿಗೂ ಕೆಲಸ ಹೋಯಿತು.

ಹಾಗಾಗಿ ನಮ್ಮ ಬಣ್ಣಗಾರನ ಬದುಕನ್ನು ಕಸಿದದ್ದು ಇಂದಿನ ಹೀಟ್ ಪ್ರೆಸ್ ಎಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ಪೆಟ್ಟು ಬಹಳ ಹಿಂದೆಯೇ ಬಿದ್ದಿತ್ತು. ಮೊದಲು ಕಾನೂನಿನಿಂದ, ಆಮೇಲೆ ತಾಮ್ರದ ಉರುಳೆಯಿಂದ, ಕೊನೆಗೆ ರಸಾಯನದಿಂದ.

ನಡುವೆ ಬಂದ ಕಾಗದ

ಇಷ್ಟರವರೆಗೆ ಅಚ್ಚು ನೇರವಾಗಿ ಬಟ್ಟೆಯನ್ನು ಮುಟ್ಟುತ್ತಿತ್ತು. ಅಚ್ಚಿಗೂ ವಸ್ತುವಿಗೂ ನಡುವೆ ಕಾಗದ ಬಂದದ್ದು ಮೊದಲು ಪಿಂಗಾಣಿಯ ಕೆಲಸದಲ್ಲಿ. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ 1756ರ ಜುಲೈ 27ರಂದು ಆರು ಗಂಟೆಗಳಲ್ಲಿ 1200ಕ್ಕೂ ಹೆಚ್ಚು ಪಿಂಗಾಣಿ ಬಿಲ್ಲೆಗಳಿಗೆ ಚಿತ್ರ ಹಾಕಿ, ಆ ಬಗ್ಗೆ ಪ್ರಮಾಣಪತ್ರವನ್ನೂ ಸಲ್ಲಿಸಿದರು. ಚಿತ್ರವನ್ನು ವಸ್ತುವಿನಿಂದ ಬೇರ್ಪಡಿಸಿ ಕಾಗದದ ಮೇಲೆ ಇಟ್ಟುಕೊಂಡು, ಬೇಕಾದಾಗ ಬೇಕಾದಲ್ಲಿಗೆ ದಾಟಿಸಬಹುದು ಎಂಬ ಉಪಾಯ ಅಲ್ಲಿಂದ ಜಗತ್ತಿಗೆ ಹರಡಿತು.

ಉರ್ದು ಓದುವ ನಮಗೆ ಈ ಉಪಾಯ ಅಪರಿಚಿತವಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು ಉರ್ದು ಮುದ್ರಣದ ಬೆನ್ನೆಲುಬಾಯಿತು. ನಸ್ತಾಲೀಕ್ ಲಿಪಿಯ ಏರಿಳಿತಗಳನ್ನು ಸೀಸದ ಮೊಳೆಗಳಲ್ಲಿ ಹಿಡಿಯುವುದು ಕಷ್ಟವಾಗಿತ್ತು. ಕಾತಿಬರು ಹದ ಮಾಡಿದ ಕಾಗದದ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯುತ್ತಿದ್ದರು. ಆ ಬರಹವನ್ನು ಕಲ್ಲಿನ ಮೇಲೆ ಒತ್ತಿದರೆ ತಿರುಗುಮುರುಗಾಗಿ ಮೂಡುತ್ತಿತ್ತು. ಕಲ್ಲಿನಿಂದ ಪುಸ್ತಕದ ಹಾಳೆಗೆ ಬಂದಾಗ ಮತ್ತೆ ಸರಿಯಾಗುತ್ತಿತ್ತು. 1858ರಲ್ಲಿ ಲಕ್ನೋದಲ್ಲಿ ಆರಂಭವಾದ ನವಲ್ ಕಿಶೋರ್ ಮುದ್ರಣಾಲಯದಂಥ ಸಂಸ್ಥೆಗಳ ಅಪಾರ ಗ್ರಂಥರಾಶಿ ಬಹುಮಟ್ಟಿಗೆ ಕಲ್ಲಚ್ಚಿನ ಫಲ.

ಬಟ್ಟೆಗೆ ಕಾವಿನಿಂದ ಚಿತ್ರ ದಾಟಿಸುವುದು 1870ರ ದಶಕದಲ್ಲಿ ಮನೆಮನೆಗೆ ಬಂತು. ಮ್ಯಾಂಚೆಸ್ಟರಿನ ಬ್ರಿಗ್ಸ್ ಕಂಪನಿ ಕಸೂತಿ ಹಾಕುವ ಹೆಂಗಸರಿಗಾಗಿ ಬಳ್ಳಿ ಹೂಗಳ ನಕ್ಷೆಯ ಕಾಗದಗಳನ್ನು ಮಾರಿತು. ಬಟ್ಟೆಯ ಮೇಲೆ ಕಾಗದ ಬೋರಲು ಹಾಕಿ ಇಸ್ತ್ರಿ ತೀಡಿದರೆ ಗೆರೆ ಮೂಡುತ್ತಿತ್ತು. ಇಲ್ಲಿ ನಮ್ಮ ಧಾರವಾಡ ಸೀಮೆಯ ಕಸೂತಿ ನೆನಪಾಗದಿರದು. ಅದಕ್ಕೆ ನಕ್ಷೆಯೇ ಬೇಡ. ಎಳೆ ಎಣಿಸಿ ಎಣಿಸಿಯೇ ಗೋಪುರ, ರಥ, ಆನೆಗಳನ್ನು ಬಟ್ಟೆಯ ಮೇಲೆ ತರುವ ಅಲ್ಲಿನ ಹೆಂಗಸರು ಚಿತ್ರವನ್ನು ಇಟ್ಟುಕೊಂಡದ್ದು ಕಾಗದದಲ್ಲಲ್ಲ, ನೆನಪಿನಲ್ಲಿ.

ಹಬೆಯಾದ ಬಣ್ಣ

ಇಂದಿನ ಹೀಟ್ ಪ್ರೆಸ್ಸಿನ ನಿಜವಾದ ಬೇರು ಇಪ್ಪತ್ತನೆಯ ಶತಮಾನದಲ್ಲಿದೆ. 1920ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ನೂಲಿಗಾಗಿ ನೀರಿನಲ್ಲಿ ಕರಗದ ಹೊಸ ಜಾತಿಯ ಬಣ್ಣಗಳು ತಯಾರಾದವು. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಅವರು ದುಡಿಯುತ್ತಿದ್ದ ಸಂಸ್ಥೆಯ ಹೆಸರು ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್! ಕಲ್ಲಿಕೋಟೆಯ ಹೆಸರು ಹೊತ್ತವರೇ ಹತ್ತಿಗೆ ಪ್ರತಿಸ್ಪರ್ಧಿಯನ್ನು ಸೃಷ್ಟಿಸಿದರು. 1957ರಲ್ಲಿ ಫ್ರಾನ್ಸಿನ ರೂಬೆ ಪಟ್ಟಣದ ಜವಳಿ ಸಂಸ್ಥೆಯೊಂದರಲ್ಲಿದ್ದ ನೊಯೆಲ್ ದ ಪ್ಲಾಸ್ ಈ ಎರಡನ್ನೂ ಬೆಸೆದರು. ಆ ಕರಗದ ಬಣ್ಣಗಳನ್ನು ಚೆನ್ನಾಗಿ ಕಾಯಿಸಿದರೆ ಅವು ದ್ರವವಾಗದೆ ನೇರವಾಗಿ ಹಬೆಯಾಗುತ್ತವೆ. ಕರ್ಪೂರ ಕರಗದೆ ಗಾಳಿಯಾಗುವಂತೆ. ಪಾಲಿಯೆಸ್ಟರ್ ನೂಲು ಕಾವಿಗೆ ಸಡಿಲಗೊಂಡು ಆ ಹಬೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆರಿದಾಗ ಬಾಗಿಲು ಮುಚ್ಚಿದಂತೆ ಬಣ್ಣವನ್ನು ಹಿಡಿದಿಡುತ್ತದೆ. 1960ರ ದಶಕದ ಕೊನೆಗೆ ಈ ವಿಧಾನ ಮಾರುಕಟ್ಟೆಗೆ ಬಂತು. ಎರಡು ಶತಮಾನಗಳ ಹಿಂದೆ ನಮ್ಮ ಬಣ್ಣಗಾರರ ಗುಟ್ಟನ್ನು ಬರೆದು ತರಿಸಿಕೊಂಡ ದೇಶವೇ ಹರಿಯುವ ನೀರು ಬೇಡದ ಬಣ್ಣವನ್ನು ಜಗತ್ತಿಗೆ ಕೊಟ್ಟಿತು.

ಈ ವಿದ್ಯೆಯೆಲ್ಲ ಈಗ ಮೂರು ಮಾತುಗಳಲ್ಲಿ ಅಡಗಿದೆ: ಕಾವು, ಒತ್ತಡ, ಹೊತ್ತು. ಹಬೆಯ ಬಣ್ಣಕ್ಕೆ ಸಾಮಾನ್ಯವಾಗಿ 190ರಿಂದ 205 ಡಿಗ್ರಿ ಸೆಲ್ಸಿಯಸ್ ಕಾವು, 45ರಿಂದ 60 ಸೆಕೆಂಡ್ ಹೊತ್ತು, ಹದವಾದ ಒತ್ತಡ ಸಾಕು. ಅಂಟಿಸುವ ವಿನೈಲ್ ಹಾಳೆಗಾದರೆ 150ರಿಂದ 160 ಡಿಗ್ರಿಯಲ್ಲಿ 10ರಿಂದ 15 ಸೆಕೆಂಡ್, ಆದರೆ ಒತ್ತಡ ಗಟ್ಟಿಯಾಗಿರಬೇಕು. ಹಾಳೆ ಹಾಳೆಗೂ ವ್ಯತ್ಯಾಸವಿರುವುದರಿಂದ ತಯಾರಕರ ಸೂಚನೆಯೇ ಅಂತಿಮ. ಚಿತ್ರ ಇಡುವ ಮೊದಲು ಬರಿ ಬಟ್ಟೆಯನ್ನು ಕೆಲವು ಸೆಕೆಂಡ್ ಒತ್ತಿ ತೇವ ಹೋಗಲಾಡಿಸಬೇಕು. ಗುಂಡಿ, ಹೊಲಿಗೆಯ ಉಬ್ಬು ಹಲಗೆಗೆ ಸಿಕ್ಕರೆ ಒತ್ತಡ ಒಂದೇ ಸಮನಾಗುವುದಿಲ್ಲ. ಅಂಚು ಎದ್ದು ಬರುತ್ತದೆ. ಹಲಗೆ ಎತ್ತುವಾಗ ಕಾಗದ ಜರುಗಿದರೆ ಚಿತ್ರಕ್ಕೆ ನೆರಳು ಬೀಳುತ್ತದೆ. ಕೆಂಪು ಪಾಲಿಯೆಸ್ಟರ್ ಅಂಗಿಯ ಮೇಲೆ ಬಿಳಿ ಅಕ್ಷರವನ್ನು ಅತಿಯಾಗಿ ಕಾಯಿಸಿದರೆ ಅಂಗಿಯ ಬಣ್ಣವೇ ಹಬೆಯಾಗಿ ಮೇಲೆದ್ದು ಅಕ್ಷರ ಗುಲಾಬಿಯಾಗುತ್ತದೆ. ಹಬೆಯ ಬಣ್ಣದಲ್ಲಿ ಬಿಳಿ ಎಂಬುದಿಲ್ಲ, ಆದ್ದರಿಂದ ಅದು ತಿಳಿ ಬಣ್ಣದ ಬಟ್ಟೆಗೇ ಸರಿ. ಹತ್ತಿಯಲ್ಲಂತೂ ಅದು ನಿಲ್ಲುವುದೇ ಇಲ್ಲ; ಒಗೆತಕ್ಕೆ ಹೊರಟುಹೋಗುತ್ತದೆ. ಕಲಂಕಾರಿಯ ಬೇರಿನ ಕೆಂಪಿಗೆ ಒಲಿದ ಹತ್ತಿ ಈ ಬಣ್ಣಕ್ಕೆ ಮಾತ್ರ ಒಲಿಯಲಿಲ್ಲ.

ಇನ್ನೊಂದು ಎಚ್ಚರ ಅಕ್ಷರ ಬಲ್ಲವರಿಗೆ ಸ್ವಾರಸ್ಯದ್ದು. ಬೋರಲು ಹಾಕುವ ಕಾಗದದಲ್ಲಿ ಬರಹ ಕನ್ನಡಿಯ ಬಿಂಬದಂತೆ ತಿರುಗಿರಬೇಕು. ಅಲ್ಲಿ ಕನ್ನಡ ಬಲದಿಂದ ಎಡಕ್ಕೆ ಸಾಗುತ್ತದೆ, ಉರ್ದು ಎಡದಿಂದ ಬಲಕ್ಕೆ! ಎರಡೂ ಬಟ್ಟೆಗೆ ದಾಟಿದ ಮೇಲೆ ತಂತಮ್ಮ ದಾರಿ ಹಿಡಿಯುತ್ತವೆ.

ಹೆಸರಿನ ಪ್ರಾಮಾಣಿಕತೆ

ಈ ಯಂತ್ರವನ್ನು ನಾವು ಹೇಗೆ ನೋಡಬೇಕು? ಅದರ ಗುಣಗಳನ್ನು ಮರೆಮಾಚಬೇಕಾಗಿಲ್ಲ. ಒಂದು ಕೋಣೆ, ವಿದ್ಯುತ್ತು, ಸ್ವಲ್ಪ ಬಂಡವಾಳ ಇದ್ದರೆ ಸಣ್ಣ ಊರಿನ ಯುವಕ ಯುವತಿಯರೂ ಸ್ವಂತ ಕಾಲಿನ ಮೇಲೆ ನಿಲ್ಲಬಹುದು. ಹತ್ತು ಅಂಗಿ ಬೇಕೆಂದವರಿಗೆ ಹತ್ತೇ ಮಾಡಿಕೊಡಬಹುದು. ಒಗೆದ ಬಣ್ಣದ ನೀರು ಹಳ್ಳಕ್ಕೆ ಹೋಗುವುದಿಲ್ಲ. ಆದರೆ ಗಾಳಿಯಾಡದ ಕೋಣೆಯಲ್ಲಿ ದಿನವಿಡೀ ಆ ಹಬೆ ಕುಡಿಯುವ ಕೆಲಸಗಾರನ ಬಗ್ಗೆ, ಕೊಳೆಯದ ಪಾಲಿಯೆಸ್ಟರ್ ಬಗ್ಗೆ, ಒಂದೇ ಸಲ ಬಳಸಿ ಬಿಸಾಡುವ ಕಾಗದದ ರಾಶಿಯ ಬಗ್ಗೆಯೂ ಯೋಚಿಸಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೆಸರಿನದು. ಚಿತ್ರ ಬಟ್ಟೆಯಿಂದ ಬೇರ್ಪಟ್ಟ ಮೇಲೆ ಯಾರ ಚಿತ್ರವನ್ನಾದರೂ ಯಾವ ಬಟ್ಟೆಗಾದರೂ ಹಾಕಬಹುದು. ಕಲಂಕಾರಿಯ ಬಳ್ಳಿಯನ್ನು, ಕಛ್‌ನ ಖತ್ರಿಗಳು ತಲೆಮಾರುಗಳಿಂದ ಅಚ್ಚು ಹಾಕುತ್ತ ಬಂದ ಅಜ್ರಕ್ ನಕ್ಷೆಯನ್ನು, ಕಸೂತಿಯ ಗೋಪುರವನ್ನು ಕ್ಷಣಾರ್ಧದಲ್ಲಿ ಪಾಲಿಯೆಸ್ಟರ್ ಮೇಲೆ ಒತ್ತಬಹುದು. ಒತ್ತುವುದು ತಪ್ಪಲ್ಲ; ಅಗ್ಗದ ಚೆಲುವು ಬಡವರಿಗೂ ಬೇಕು. ಅದನ್ನು ಕೈಯಚ್ಚಿನ ಬಟ್ಟೆ ಎಂದು ಹೇಳಿ ಕೈಯಚ್ಚಿನ ಬೆಲೆಗೆ ಮಾರುವುದು ತಪ್ಪು. ಆಗ ಮೋಸಹೋಗುವವರು ಇಬ್ಬರು: ಕೊಂಡವರು ಮತ್ತು ಬಿಸಿಲಲ್ಲಿ ಬಟ್ಟೆ ಹರಡಿ ಕುಳಿತ ಆ ಕಸುಬುದಾರ. ಮೊದಲನೆಯವರು ಕಳೆದುಕೊಳ್ಳುವುದು ಹಣ. ಎರಡನೆಯವನು ಕಳೆದುಕೊಳ್ಳುವುದು ಮಗನಿಗೆ ಕಸುಬು ಕಲಿಸುವ ಧೈರ್ಯ.

ಪರೀಕ್ಷೆ ಕಷ್ಟವೇನಲ್ಲ. ಬಟ್ಟೆಯ ಹಿಂಬದಿ ನೋಡಿ: ಕೈಯಚ್ಚಿನ ಬಣ್ಣ ಸಾಮಾನ್ಯವಾಗಿ ಹಿಂದಕ್ಕೂ ಇಳಿದಿರುತ್ತದೆ, ಹಬೆಯ ಬಣ್ಣದ ಬೆನ್ನು ಬಿಳಿಚಿಕೊಂಡಿರುತ್ತದೆ. ಅಂಚಿನ ಒಂದು ಎಳೆ ತೆಗೆದು ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರನ್ನು ನೇರವಾಗಿ ಕೇಳಿ. ಕಾನೂನಿನ ಬಲದಿಂದ ನಮ್ಮ ಬಟ್ಟೆಯನ್ನು ತಡೆದವರ ಚರಿತ್ರೆಯನ್ನು ನಾವು ಬದಲಾಯಿಸಲಾರೆವು. ಆದರೆ ಕೈಯ ಕೆಲಸ ಕೈಯ ಹೆಸರಿನಲ್ಲಿಯೂ ಯಂತ್ರದ ಕೆಲಸ ಯಂತ್ರದ ಹೆಸರಿನಲ್ಲಿಯೂ ಮಾರಾಟವಾಗಬೇಕೆಂದು ಕೇಳುವುದು ಕೊಳ್ಳುವ ನಮ್ಮ ಕೈಯಲ್ಲೇ ಇದೆ.