ಸಾಲಗಾರನ ಕೈಗೆ ಬಂದ ಕಡತ

ಬ್ಯಾಂಕು ಸಾಲ ನಿರಾಕರಿಸಿದರೆ ಕಾರಣ ತಿಳಿಯಲು ದಾರಿಯೇ ಇರದ ಕಾಲವೊಂದಿತ್ತು. 2000ದಲ್ಲಿ ಮುಂಬೈನಲ್ಲಿ ಸಾಲಗಾರರ ಮಾಹಿತಿ ಕಲೆಹಾಕಿ ಬ್ಯಾಂಕುಗಳಿಗೆ ಕೊಡುವ ಸಂಸ್ಥೆ ಸಿಬಿಲ್ ಹುಟ್ಟಿತು. 2004ರಿಂದ ಜನಸಾಮಾನ್ಯರ ಸಾಲ, ಕಂತು, ಬಾಕಿಗಳ ವಿವರ ಅದರ ಕಡತ ಸೇರತೊಡಗಿತು. ಯಾರ ಬದುಕಿನ ಲೆಕ್ಕವೋ ಅವರಿಗೇ ಅದು ಕಾಣುತ್ತಿರಲಿಲ್ಲ. ಇದು ಅನ್ಯಾಯವೇ.

ಸಾಲ ಮಾಹಿತಿ ಸಂಸ್ಥೆಗಳ ಕುರಿತ 2005ರ ಕಾಯ್ದೆ ಈ ಕಡತದ ವರದಿಯ ಪ್ರತಿ ಕೇಳುವ, ತಪ್ಪು ತಿದ್ದಿಸುವ ಹಕ್ಕು ಕೊಟ್ಟಿತು. ಆದರೆ ಪ್ರತಿಗೆ ಹಣ ತೆರಬೇಕಿತ್ತು.

ರಿಸರ್ವ್ ಬ್ಯಾಂಕಿನ ಆದೇಶದಿಂದ 2017ರ ಜನವರಿಯಲ್ಲಿ ಆ ತಡೆಯೂ ಕಳಚಿತು. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ವರದಿಯ ತಪ್ಪಿನ ಬಗೆಗಿನ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂಬ ನಿಯಮ 2024ರಲ್ಲಿ ಜಾರಿಗೆ ಬಂತು.

ಮನೆ ಸಾಲಕ್ಕೆ ಅರ್ಜಿ ಹಾಕುವ ಮುನ್ನ ನಾಲ್ಕೂ ವರದಿಗಳನ್ನು ತರಿಸಿ ಓದಿ.